ಹೆಸರಾಗುವ ಮೊದಲೇ ಒಂದು ರಾಕ್ ಬ್ಯಾಂಡನ್ನು ಪತ್ತೆ ಹಚ್ಚುವುದು ಹೇಗೆ?

ಹಾಡು ಕೇಳುವ ಆ್ಯಪ್ ಸ್ಪಾಟಿಫೈ ತಿರುತಿರುಗಿ ಅದೇ ಬ್ಯಾಂಡುಗಳನ್ನು ತೋರಿಸುತ್ತದೆ ಎಂಬ ದೂರು ಕೇಳುತ್ತಿರುತ್ತೇವೆ. ತೋರಿಸದೆ ಇನ್ನೇನು ಮಾಡೀತು? ಅದರ ಶಿಫಾರಸು ಬಹುಪಾಲು ನಿಂತಿರುವುದೇ ಬೇರೆಯವರು ಏನು ಕೇಳಿದರು ಎಂಬುದರ ಮೇಲೆ. ಕೇಳುಗರೇ ಇಲ್ಲದ ಬ್ಯಾಂಡು ಆ ಲೆಕ್ಕಕ್ಕೆ ಬರುವುದು ತಡವಾಗಿ. ಅದಕ್ಕೇ ನಾನು ಬ್ಯಾಂಡಿನ ಸುತ್ತ ಮೊದಲು ಸೇರುವ ಜನರ ಬೆನ್ನು ಹತ್ತುತ್ತೇನೆ: ದುಡ್ಡು ಕೊಟ್ಟು ಕೊಳ್ಳುವವರು, ರೆಕಾರ್ಡ್ ಮಾಡುವವರು, ವೇದಿಕೆ ಕೊಡುವವರು.

ಶುರು ಮಾಡಲು ಬ್ಯಾಂಡುಗಳು ತಮ್ಮ ಸಂಗೀತವನ್ನು ನೇರವಾಗಿ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್ ಒಳ್ಳೆಯ ಜಾಗ. ನಿಮಗೆ ನಿಜಕ್ಕೂ ಹಿಡಿಸಿದ ಸಣ್ಣ ಬ್ಯಾಂಡೊಂದರ ಆಲ್ಬಂ ಪುಟ ತೆರೆಯಿರಿ. ಅದನ್ನು ಕೊಂಡವರ ಪುಟ್ಟ ಚಿತ್ರಗಳ ಸಾಲು ಅಲ್ಲೇ ಇರುತ್ತದೆ. ಒಂದನ್ನು ಒತ್ತಿದರೆ ಅವರ ಸಂಗ್ರಹವೆಲ್ಲ ಕಾಣುತ್ತದೆ. ನಿಮಗಿಷ್ಟವಾದ ಮೂರು ನಾಲ್ಕು ಆಲ್ಬಂ ಅದರಲ್ಲಿದ್ದರೆ ಅವರನ್ನು ಫಾಲೋ ಮಾಡಿ. ಇಂಥ ಹತ್ತು ಜನ ಸಾಕು. ದೊಡ್ಡ ಹೆಸರಿನ ಆಲ್ಬಂನಿಂದ ಮಾತ್ರ ಶುರು ಮಾಡಬೇಡಿ, ಕೊಂಡವರು ಸಾವಿರಾರು ಇದ್ದಾಗ ಯಾರ ರುಚಿ ಏನೆಂದು ತಿಳಿಯುವುದಿಲ್ಲ. ಸಿಕ್ಕಿದ್ದೆಲ್ಲ ಕೊಳ್ಳುವ ಸಂಗ್ರಾಹಕರೂ ಬೇಡ, ಅವರು ಏನನ್ನೂ ಸೋಸುವುದಿಲ್ಲ. ಟ್ಯಾಗ್ ಹಿಡಿದು ಹುಡುಕುವುದಾದರೆ ಬರೀ ‘ರಾಕ್’ ಅಂತ ಹಾಕಿದರೆ ಮುಳುಗಿಹೋಗುತ್ತೀರಿ. ಶೂಗೇಜ್, ಮ್ಯಾಥ್ ರಾಕ್, ಪೋಸ್ಟ್-ಪಂಕ್ ಎಂದು ರಾಕ್‌ನ ಒಳಪ್ರಕಾರಗಳ ಹೆಸರು ಹಾಕಿ ಕಿರಿದು ಮಾಡಿ.

ಆಮೇಲೆ ಆಲ್ಬಂ ಕೆಳಗಿನ ಕ್ರೆಡಿಟ್ಸ್, ಅಂದರೆ ಅದಕ್ಕೆ ಕೆಲಸ ಮಾಡಿದವರ ಹೆಸರುಗಳನ್ನು ಓದಿ. ರೆಕಾರ್ಡಿಂಗ್ ಎಂಜಿನಿಯರ್ ಹೆಸರನ್ನು ಆಲ್ಬಂಗಳ ವಿವರ ಕೂಡಿಟ್ಟಿರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಹಾಕಿದರೆ ಅವರು ಕೆಲಸ ಮಾಡಿದ ಉಳಿದ ಬ್ಯಾಂಡುಗಳ ಪಟ್ಟಿ ಬರುತ್ತದೆ. ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದಗೊಳಿಕೆ ಮಾಡಿದವರ ಹೆಸರು ಅಷ್ಟು ಉಪಯೋಗವಿಲ್ಲ, ಎಲ್ಲ ಬಗೆಯ ಸಂಗೀತವೂ ಅವರ ಮೇಜು ದಾಟಿಯೇ ಹೋಗುತ್ತದೆ.

ಸಣ್ಣ ಲೇಬಲ್‌ಗಳ, ಅಂದರೆ ಸಂಗೀತ ಹೊರತರುವ ಸಣ್ಣ ಕಂಪನಿಗಳ, ಬೆಲೆ ಗೊತ್ತಾಗಬೇಕಾದರೆ ಒಂದು ಲೆಕ್ಕ ನೋಡಿ. ಅಮೆರಿಕದ ರಾಕ್ ಬ್ಯಾಂಡ್ ‘ನಿರ್ವಾಣ’ದ ಮೊದಲ ಸಿಂಗಲ್ (ಒಂದೆರಡು ಹಾಡಿನ ರೆಕಾರ್ಡ್) ಅನ್ನು ಸಬ್ ಪಾಪ್ ಲೇಬಲ್ ಚಂದಾದಾರರಿಗಾಗಿ ನಡೆಸುತ್ತಿದ್ದ ತನ್ನ ಸಿಂಗಲ್ಸ್ ಕ್ಲಬ್ ಮೂಲಕ ಹೊರತಂದದ್ದು 1988ರ ನವೆಂಬರ್‌ನಲ್ಲಿ, ಬರೀ 1000 ಪ್ರತಿ. ಜಗತ್ತಿಗೆಲ್ಲ ಆ ಹೆಸರು ಗೊತ್ತು ಮಾಡಿಸಿದ ಆಲ್ಬಂ ‘ನೆವರ್‌ಮೈಂಡ್’ ಬಂದದ್ದು 1991ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಅವರು ಯುರೋಪಿನಲ್ಲಿ ಆಗಲೇ ಹೆಸರಾಗಿದ್ದ ಸಾನಿಕ್ ಯೂತ್ ಬ್ಯಾಂಡಿಗಿಂತ ಮೊದಲು ನುಡಿಸುವ ಬ್ಯಾಂಡಾಗಿ ತಿರುಗುತ್ತಿದ್ದರು. ಹಾಗಾಗಿ ಕಾರ್ಯಕ್ರಮದ ಪೋಸ್ಟರ್ ನೋಡುವಾಗ ಕಣ್ಣು ಇಂಥ ಸಣ್ಣ ಬ್ಯಾಂಡುಗಳ ಹೆಸರಿರುವ ಕೆಳಗಿನ ಸಾಲಿಗೆ ಹೋಗಲಿ. ಮಾರ್ಚ್‌ನಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ನಡೆಯುವ ಎಸ್‌ಎಕ್ಸ್‌ಎಸ್‌ಡಬ್ಲ್ಯೂ (ಸೌತ್ ಬೈ ಸೌತ್‌ವೆಸ್ಟ್), ಮೇ ತಿಂಗಳಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆಯುವ ಗ್ರೇಟ್ ಎಸ್ಕೇಪ್‌ನಂಥ ಉತ್ಸವಗಳಲ್ಲಿ ನುಡಿಸುವ ಬ್ಯಾಂಡುಗಳ ಪಟ್ಟಿಯನ್ನು ಮನೆಯಲ್ಲೇ ಕೂತು ಜಾಲಾಡಬಹುದು.

ಸಿಕ್ಕ ಬ್ಯಾಂಡಿನಲ್ಲಿ ಹುರುಳಿದೆಯೇ? ಮೊದಲು ಲೈವ್ ವಿಡಿಯೊ ನೋಡಿ. ಸ್ಟುಡಿಯೊದಲ್ಲಿ ಡ್ರಮ್ಸ್ ತಾಳವನ್ನೂ ಗಾಯಕನ ಶ್ರುತಿಯನ್ನೂ ಆಮೇಲೆ ತಿದ್ದಬಹುದು, ವೇದಿಕೆಯಲ್ಲಿ ಅದು ಕಷ್ಟ. ಇನ್ನು ಅಂಕಿಗಳು. ಸ್ಪಾಟಿಫೈನ ‘ಮಾಸಿಕ ಕೇಳುಗರು’ ಎಂದರೆ ಕಳೆದ 28 ದಿನಗಳಲ್ಲಿ ಒಮ್ಮೆಯಾದರೂ ಕೇಳಿದವರು. ವಾರವಾರ ನೋಡಿದರೆ ಅದೇ ಜನರನ್ನು ಮತ್ತೆ ಎಣಿಸಿದಂತಾಗುತ್ತದೆ. ನಾಲ್ಕು ವಾರಕ್ಕೊಮ್ಮೆ ಬರೆದಿಟ್ಟುಕೊಳ್ಳಿ. ಕೇಳುಗರು 40,000, ಫಾಲೋವರ್‌ಗಳು 300, ಒಂದು ಹಾಡು ಬಿಟ್ಟರೆ ಉಳಿದವನ್ನು ಕೇಳುವವರಿಲ್ಲ ಎಂದಾದರೆ ಯಾವುದೋ ಪ್ಲೇಲಿಸ್ಟಿನ ಹರಿವು ಅದು, ಪ್ಲೇಲಿಸ್ಟಿನಿಂದ ತೆಗೆದ ದಿನ ಬತ್ತುತ್ತದೆ. 2,000 ಕೇಳುಗರಿಗೆ 900 ಫಾಲೋವರ್‌ಗಳಿರುವ ಬ್ಯಾಂಡಿನ ಮೇಲೆ ನನಗೆ ಹೆಚ್ಚು ನಂಬಿಕೆ.

ಈಚೆಗೆ ಇನ್ನೊಂದು ಕಾಟ ಸೇರಿಕೊಂಡಿದೆ. 2025ರಲ್ಲಿ ದಿ ವೆಲ್ವೆಟ್ ಸನ್‌ಡೌನ್ ಎಂಬ ‘ಬ್ಯಾಂಡಿಗೆ’ ಸ್ಪಾಟಿಫೈನಲ್ಲಿ ಲಕ್ಷಗಟ್ಟಲೆ ಕೇಳುಗರು ಸೇರಿದ ಮೇಲೆ, ಅದು ಎಐ (ಕೃತಕ ಬುದ್ಧಿಮತ್ತೆ) ನೆರವಿನಿಂದ ತಯಾರಾದದ್ದೆಂದು ಅದರ ಪ್ರೊಫೈಲೇ ಒಪ್ಪಿಕೊಂಡಿತು. ಕಾರ್ಯಕ್ರಮದ ದಿನಾಂಕವಿಲ್ಲ, ನುಡಿಸುವವರ ಸುಳಿವಿಲ್ಲ, ಕೆಲವೇ ವಾರಗಳಲ್ಲಿ ಎರಡು ಆಲ್ಬಂ ಎಂದರೆ ಬಿಟ್ಟು ಮುಂದೆ ಹೋಗಿ.

ಹಿಡಿಸಿದ ಡೆಮೊವನ್ನು (ಬ್ಯಾಂಡಿನ ಆರಂಭದ ಕಚ್ಚಾ ರೆಕಾರ್ಡಿಂಗ್) ಕೂಡಲೇ ಕೊಂಡು, ಧ್ವನಿಯ ಗುಣಮಟ್ಟ ಕುಂದದ ಫ್ಲಾಕ್ ಫೈಲ್ ಇಳಿಸಿಕೊಳ್ಳಿ. ದೊಡ್ಡ ಲೇಬಲ್ ಜತೆ ಕರಾರಾದ ಮೇಲೆ ಹಳೆಯ ರೆಕಾರ್ಡಿಂಗ್‌ಗಳನ್ನು ಪುಟದಿಂದ ತೆಗೆದುಬಿಡುವುದುಂಟು.