ನಂಬಿಕೆ ಕಡಿಮೆಯಾಗಿಲ್ಲ ತಂಗಿ, ಅಣ್ಣನಿಗೆ ಫೋನ್ ಮಾಡಿ

ಈ ವಾರ ಬಂದ ಕಾಗದಗಳಲ್ಲಿ ಒಂದನ್ನು ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ, ಅವರಿಗೆ ಬುದ್ಧಿ ಹೇಳಿದವರ ಮೇಲೆ.

ಬರೆದಿರುವುದು ಕೋಲಾರದ ಒಬ್ಬ ಹೆಣ್ಣುಮಗಳು. ಖಾಸಗಿ ಶಾಲೆಯಲ್ಲಿ ಟೀಚರ್. ಇಬ್ಬರು ಮಕ್ಕಳು. ಗಂಡ ಲಾರಿ ಓಡಿಸುತ್ತಾರೆ. ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಮುಗಿದ ಮೇಲೆ ಬಾಕ್ಸ್‌ಗಳನ್ನು ಲೋಡ್ ಮಾಡಿಕೊಂಡು ಮುಳಬಾಗಿಲು, ಪಲಮನೇರು, ಚಿತ್ತೂರು ದಾಟಿ ಚೆನ್ನೈಗೆ ಹೋಗುತ್ತಾರೆ. ಅವರು ಹೋದ ರಾತ್ರಿ ಇವರಿಗೆ ನಿದ್ದೆ ಇಲ್ಲ. ಮೊಗಿಲಿ ಘಾಟ್ ಹತ್ತಿರ ಫೋನ್ ಸಿಗದಿದ್ದರೆ ಮುಗೀತು. ಲಾರಿ ಉರುಳಿತು, ಶವಪೆಟ್ಟಿಗೆ ಮನೆಗೆ ಬಂತು, ಮಕ್ಕಳ ಫೀಸ್ ಕಟ್ಟುವವರು ಯಾರು ಅನ್ನುವ ತನಕ ಮನಸ್ಸು ಓಡುತ್ತದೆ. ಬೆಳಿಗ್ಗೆ ಗಂಡ ‘ಅನ್‌ಲೋಡ್ ಆಯ್ತು, ಟೀ ಕುಡೀತಾ ಇದ್ದೀನಿ’ ಅಂದ ಮೇಲೆ ಹೋದ ಜೀವ ಬರುತ್ತದೆ. ಆದರೆ ಆ ದಿನ ಪೂರ್ತಿ ಹಾಳು. ಮಕ್ಕಳ ಮೇಲೆ ರೇಗುತ್ತಾರೆ. ಬೋರ್ಡಿನ ಮೇಲೆ ಲೆಕ್ಕ ಅರ್ಧ ಬರೆದು, ಮುಂದೇನು ಅಂತ ಮರೆತು ನಿಂತುಬಿಡುತ್ತಾರೆ.

ಇದನ್ನು ಸಭೆಯ, ಅಂದರೆ ತಮ್ಮ ಚರ್ಚಿನ, ಸ್ತ್ರೀಯರ ಕೂಟದಲ್ಲಿ ಹೇಳಿಕೊಂಡು, ನನಗಾಗಿ ಪ್ರಾರ್ಥನೆ ಮಾಡಿ ಅಂತ ಕೇಳಿದರಂತೆ. ಅಲ್ಲಿಯ ಹಿರಿಯರೊಬ್ಬರು, ‘ನಿನ್ನ ನಂಬಿಕೆ ಸಾಲದು. ಯಾವುದಕ್ಕೂ ಚಿಂತೆ ಮಾಡಬೇಡಿ ಅಂತ ವಾಕ್ಯವೇ ಇದೆ. ಚಿಂತೆ ಮಾಡೋದು ಪಾಪ’ ಅಂದರಂತೆ. ಅಂದಿನಿಂದ ಇವರು ಕರ್ತನ ಭೋಜನ, ಅಂದರೆ ಆರಾಧನೆಯಲ್ಲಿ ಯೇಸುವಿನ ನೆನಪಿಗೆ ಕೊಡುವ ರೊಟ್ಟಿ, ದ್ರಾಕ್ಷಾರಸ, ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದಾರೆ. ಪಾಪಿ ಹೇಗೆ ಕೈ ಚಾಚಲಿ ಅಂತ. ‘ನನ್ನ ಯೋಚನೆಗಳನ್ನು ಹೇಗೆ ಬದಲಾಯಿಸಿಕೊಳ್ಳಲಿ ಅಕ್ಕಾ?’ ಅನ್ನುವುದು ಪ್ರಶ್ನೆ.

ತಂಗಿ, ಮೊದಲು ಆ ಹಿರಿಯರ ಮಾತು ತೆಗೆದುಕೊಳ್ಳೋಣ. ನಂಬಿಕೆ ಸಾಲದು ಅಂತ ಯಾರೂ ಯಾರಿಗೂ ಹೇಳಬಾರದು ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಅವರು ಹೇಳಿದ ವಾಕ್ಯ ಬೈಬಲಿನಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿದೆ. ಯೇಸುವಿನ ಅಪೊಸ್ತಲ ಪೌಲ ಸೆರೆಯಲ್ಲಿದ್ದಾಗ ಬರೆದ ಪತ್ರ ಅದು. ಅದೇ ಪತ್ರದ 2ನೇ ಅಧ್ಯಾಯ ಓದಿ. ಗೆಳೆಯ ಎಪಫ್ರೊದೀತ ಕಾಯಿಲೆ ಬಿದ್ದು ಸಾವಿನ ಹತ್ತಿರ ಹೋಗಿ ಬಂದಿದ್ದ. ಅವನು ಉಳಿದಿದ್ದರಿಂದ ನನಗೆ ದುಃಖದ ಮೇಲೆ ದುಃಖ ಬರಲಿಲ್ಲ ಅಂತ ಪೌಲ ಬರೆಯುತ್ತಾನೆ. ಕೊರಿಂಥದವರಿಗೆ ಬರೆದ 2ನೇ ಪತ್ರದಲ್ಲಂತೂ ಎಲ್ಲಾ ಸಭೆಗಳ ಚಿಂತೆ ದಿನಾ ನನ್ನ ಮೇಲಿದೆ ಅನ್ನುತ್ತಾನೆ. ಹಾಗಾದರೆ ಪೌಲನಿಗೂ ನಂಬಿಕೆ ಸಾಲದಾಗಿತ್ತೇ? ಜೈಲಿನಲ್ಲಿದ್ದವನು ಸ್ನೇಹಿತರಿಗೆ ಧೈರ್ಯ ಹೇಳಲು ಬರೆದ ಮಾತನ್ನು ತೆಗೆದುಕೊಂಡು ನಿದ್ದೆಗೆಟ್ಟ ಹೆಂಗಸಿನ ತಲೆಗೆ ಹೊಡೆಯುವುದು ಅನ್ಯಾಯ.

ಇನ್ನು ಪಾಪದ ವಿಷಯ. 4ನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಇವಾಗ್ರಿಯಸ್ ಅನ್ನುವ ಸನ್ಯಾಸಿ ಇದ್ದರು. ಮನುಷ್ಯನನ್ನು ಕಾಡುವ ಕೆಟ್ಟ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿ ಬರೆದವರು ಅವರೇ. ಅವರು ಸ್ಪಷ್ಟವಾಗಿ ಹೇಳುತ್ತಾರೆ: ಯೋಚನೆ ಬಂದು ಕಾಡುವುದು, ಬಿಡುವುದು ನಮ್ಮ ಕೈಯಲ್ಲಿಲ್ಲ. ಅದನ್ನು ಒಳಗೆ ಇಟ್ಟುಕೊಳ್ಳುವುದು, ಬಿಡುವುದು ಮಾತ್ರ ನಮ್ಮ ಕೈಯಲ್ಲಿದೆ. ರಾತ್ರಿ ಎರಡು ಗಂಟೆಗೆ ಘಾಟಿನ ಚಿತ್ರ ಕಣ್ಣ ಮುಂದೆ ಬಂದರೆ ಅದು ನಿಮ್ಮ ಪಾಪವಲ್ಲ.

ಆದರೆ ಎರಡು ವರ್ಷದಿಂದ ಒಂದು ಯೋಚನೆಯನ್ನು ನೀವು ಒಳಗೇ ಇಟ್ಟುಕೊಂಡಿದ್ದೀರಿ. ಅದು ಲಾರಿಯದ್ದಲ್ಲ. ಕಾಗದದ ಕೊನೆಯಲ್ಲಿ ‘ಅಂದಹಾಗೆ’ ಅಂತ ಸೇರಿಸಿದ್ದೀರಿ. ಶ್ರೀನಿವಾಸಪುರದಲ್ಲಿ ಅಪ್ಪ ಹೋದ ರಾತ್ರಿ ನಿಮ್ಮ ಫೋನ್ ಸೈಲೆಂಟಿನಲ್ಲಿತ್ತು. ಬೆಳಿಗ್ಗೆ ನೋಡಿದರೆ ಅಣ್ಣನ ಒಂಬತ್ತು ಮಿಸ್ಡ್ ಕಾಲ್. ಮಣ್ಣು ಮಾಡಿ ಬಂದ ಮೇಲೆ ಅಣ್ಣ, ‘ಎಷ್ಟು ಸಲ ಮಾಡಿದೆ ಗೊತ್ತಾ’ ಅಂದರು, ಸುಮ್ಮನಾದರು. ಆಮೇಲೆ ಆ ಮಾತೇ ಇಬ್ಬರ ನಡುವೆ ಬಂದಿಲ್ಲ. ಕ್ರಿಸ್‌ಮಸ್‌ಗೆ ಹೋದಾಗಲೂ ಮಾವಿನ ಫಸಲಿನ ವಿಷಯ ಮಾತಾಡಿ ಬರುತ್ತೀರಿ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು, ಐದನೇ ಸಾಲಿನಲ್ಲಿ ಮಗನ ಪರೀಕ್ಷೆಗೆ ಹೋಗಿಬಿಟ್ಟಿದ್ದೀರಿ.

ಅಲ್ಲ ತಂಗಿ, ಇದು ‘ಅಂದಹಾಗೆ’ ಅಂತ ಹೇಳುವ ವಿಷಯವೇ? ಗಂಡ ಹೊರಟ ರಾತ್ರಿ ಫೋನನ್ನು ದಿಂಬಿನ ಕೆಳಗೆ ಫುಲ್ ಸೌಂಡ್ ಇಟ್ಟುಕೊಂಡು ಮಲಗುತ್ತೀರಿ, ಅರ್ಧ ಗಂಟೆಗೊಮ್ಮೆ ತೆಗೆದು ನೋಡುತ್ತೀರಿ ಅಂತ ನೀವೇ ಬರೆದಿದ್ದೀರಿ. ನೀವು ಕಾಯುತ್ತಿರುವುದು ಗಂಡನ ಫೋನಿಗಲ್ಲ. ಅವತ್ತು ಎತ್ತದೇ ಹೋದ ಫೋನಿಗೆ. ‘ನಾನು ಎತ್ತಿದ್ದರೆ ಅಪ್ಪ ಉಳಿಯುತ್ತಿದ್ದರು’ ಅನ್ನುವ ಮಾತು ಕಾಗದದಲ್ಲಿ ಎಲ್ಲೂ ಇಲ್ಲ. ಆದರೆ ಕಾಗದ ಪೂರ್ತಿ ಅದೇ ಇದೆ.

ಅದು ನಿಜವೇ? ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅಣ್ಣ ಮೊದಲ ಫೋನ್ ಮಾಡಿದಾಗ ಅಪ್ಪನಿಗೆ ಉಸಿರು ಇತ್ತೇ, ಅವರು ಕರೆದದ್ದು ಸಹಾಯಕ್ಕೋ ಸುದ್ದಿ ತಿಳಿಸಲಿಕ್ಕೋ, ಯಾವುದನ್ನೂ ನೀವು ಕೇಳಿಲ್ಲ. ಪೌಲ ಅದೇ 4ನೇ ಅಧ್ಯಾಯದಲ್ಲಿ ಮನಸ್ಸಿನಲ್ಲಿ ಏನೇನು ಇಟ್ಟುಕೊಳ್ಳಬೇಕು ಅಂತ ಪಟ್ಟಿ ಕೊಡುತ್ತಾನೆ. ಮಾನ್ಯವಾದದ್ದು, ಶುದ್ಧವಾದದ್ದು, ಪ್ರೀತಿಕರವಾದದ್ದು ಎಲ್ಲ ಆಮೇಲೆ ಬರುತ್ತವೆ. ಮೊದಲು ಬರುವುದು ಸತ್ಯವಾದದ್ದು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಏರನ್ ಬೆಕ್ ಕುಗ್ಗಿಹೋದ ರೋಗಿಗಳಿಗೆ ಕಲಿಸಲು ಶುರು ಮಾಡಿದ್ದೂ ಇದನ್ನೇ. ತಾನಾಗಿ ನುಗ್ಗಿ ಬರುವ ಯೋಚನೆಗೆ ಸಾಕ್ಷಿ ಏನಿದೆ ಅಂತ ಕೇಳಿ ಅಂದರು. ಒಳ್ಳೇದನ್ನೇ ಯೋಚನೆ ಮಾಡು ಅಂತ ಬಾಯಿ ಮುಚ್ಚಿಸಲಿಲ್ಲ.

ಎಲೀಯನನ್ನು ನೆನೆಸಿಕೊಳ್ಳಿ, ಬೈಬಲಿನ 1 ಅರಸುಗಳು, 19ನೇ ಅಧ್ಯಾಯ. ಅಷ್ಟು ದೊಡ್ಡ ಪ್ರವಾದಿ ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿ, ನನ್ನ ಪ್ರಾಣ ತೆಗೆದುಬಿಡು ಅಂತ ದೇವರನ್ನು ಕೇಳಿ ಮಲಗಿಬಿಟ್ಟ. ದೇವದೂತ ಬಂದು ಬೈಯಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು ಇಟ್ಟು, ಎದ್ದು ಊಟ ಮಾಡು ಅಂದ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟ ಮಾಡಿಸಿದ. ಮಾತುಕತೆ ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಅಲ್ಲಿ ಎಲೀಯ, ನಾನೊಬ್ಬನೇ ಉಳಿದಿದ್ದೇನೆ ಅಂತ ಒಂದಲ್ಲ, ಎರಡು ಸಲ ಹೇಳುತ್ತಾನೆ. ದೇವರು ವಾದ ಮಾಡಲಿಲ್ಲ. ಮುಂದೆ ಮಾಡಬೇಕಾದ ಕೆಲಸ ಹೇಳಿ, ಒಂದು ಲೆಕ್ಕವನ್ನೂ ಕೊಟ್ಟ: ಬಾಳ ಅನ್ನುವ ಸುಳ್ಳುದೇವರಿಗೆ ಮೊಣಕಾಲೂರದ 7,000 ಜನ ಇಸ್ರಾಯೇಲಿನಲ್ಲಿದ್ದಾರೆ. ಎಲೀಯನಿಗೆ ಆ ಲೆಕ್ಕ ಗೊತ್ತಿರಲಿಲ್ಲ, ಅಷ್ಟೇ.

ನಿಮ್ಮ ಲೆಕ್ಕ ಅಣ್ಣನ ಹತ್ತಿರ ಇದೆ.

ನಿದ್ದೆಯ ಬಗ್ಗೆಯೂ ಹೇಳುತ್ತೇನೆ. ನಿದ್ದೆಗೆಟ್ಟವರ ಯೋಚನೆಯನ್ನು ನಂಬಬೇಡಿ ಅನ್ನುವುದು ನನ್ನ ಹಳೇ ಮಾತು. ಎರಡು ವರ್ಷದಿಂದ ಹೀಗೆ ಎದೆ ಹೊಡೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತೋರಿಸಿ. ನಿಮ್ಮೂರಿನ ಜಿಲ್ಲಾ ಆಸ್ಪತ್ರೆಯಲ್ಲೇ ಮನೋವೈದ್ಯರನ್ನು ಕೇಳಿ. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇದರಿಂದ ನಂಬಿಕೆಗೆ ಏನೂ ಕುಂದಿಲ್ಲ. ಎಲೀಯನೂ ಬಂದ ರೊಟ್ಟಿಯನ್ನು ಬೇಡ ಅನ್ನಲಿಲ್ಲ. ಗಂಡನಿಗೆ ಮಾತ್ರ ದಾರಿಯುದ್ದಕ್ಕೂ ಫೋನ್ ಮಾಡಬೇಡಿ. ಘಾಟಿನಲ್ಲಿ ಸ್ಟೇರಿಂಗ್ ಹಿಡಿದವರು ಫೋನ್ ಎತ್ತುವುದೇ ದೊಡ್ಡ ಅಪಾಯ.

ಆದರೆ ಮಾಡಲೇಬೇಕಾದ ಕೆಲಸ ಒಂದೇ. ಬರುವ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಣ್ಣನಿಗೆ ಫೋನ್ ಮಾಡಿ. ಹಬ್ಬ, ಮಾವು, ಮಕ್ಕಳು ಯಾವುದೂ ಬೇಡ. ‘ಅಣ್ಣಾ, ಅವತ್ತು ರಾತ್ರಿ ನೀನು ಮೊದಲು ಫೋನ್ ಮಾಡಿದ್ದು ಎಷ್ಟು ಗಂಟೆಗೆ? ಆಗ ಅಪ್ಪ ಹೇಗಿದ್ದರು?’ ಅಂತ ನೇರವಾಗಿ ಕೇಳಿ. ಅವರು ಬೈದರೆ ಬೈಯಲಿ. ಅತ್ತರೆ ನೀವೂ ಅಳಿ. ಒಂಬತ್ತು ಸಲ ಒಬ್ಬರೇ ಫೋನ್ ಮಾಡುತ್ತಾ ಕೂತ ಆ ರಾತ್ರಿ ಅವರ ಎದೆಯಲ್ಲೂ ಇರುತ್ತದೆ, ಅಲ್ವಾ? ಕೇಳಿದ ಉತ್ತರ ಕಷ್ಟದ್ದೇ ಆಗಿದ್ದರೂ ಅದಕ್ಕೆ ಅಳಬಹುದು, ಕ್ಷಮೆ ಕೇಳಬಹುದು, ಪಾಸ್ಟರ್ ಹತ್ತಿರ ಹೇಳಿಕೊಳ್ಳಬಹುದು. ಕೇಳದೇ ಇಟ್ಟುಕೊಂಡದ್ದಕ್ಕೆ ಇದ್ಯಾವುದನ್ನೂ ಮಾಡಲು ಬರುವುದಿಲ್ಲ.

ಮಾರನೇ ದಿನ ಭಾನುವಾರ. ಅಣ್ಣ ಏನೇ ಹೇಳಿರಲಿ, ಕರ್ತನ ಭೋಜನಕ್ಕೆ ಎದ್ದು ಮುಂದೆ ಹೋಗಿ.