ಹಳೇ ಸೆಡಾನ್ ಕಾರನ್ನು ಹಾಟ್ ರಾಡ್ (ಜೋರಾಗಿ ಓಡುವಂತೆ ಮಾರ್ಪಡಿಸಿದ ಕಾರು) ಮಾಡಲು ದೊಡ್ಡ ಎಂಜಿನ್ ಕೂರಿಸಿದರೆ ಸಾಕಾ?

ಸಾಲದು. ಎಂಜಿನ್ ಕೂರಿಸುವುದು ಸುಲಭದ ಭಾಗ, ಅದರ ಜೋರನ್ನು ಉಳಿದ ಕಾರು ತಾಳಿಕೊಳ್ಳುವಂತೆ ಮಾಡುವುದೇ ಅಸಲಿ ಕೆಲಸ.

1932ರ ಫೋರ್ಡ್ ವಿ8 (ಎಂಟು ಸಿಲಿಂಡರ್ ಎಂಜಿನ್‌ನ) ಸೆಡಾನನ್ನೇ ತಗೊಳ್ಳಿ. ಅದರ ಫ್ಲಾಟ್‌ಹೆಡ್ (ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲಿರುವ ಹಳೇ ಬಗೆಯ) ಎಂಜಿನ್ ಕೊಡುತ್ತಿದ್ದದ್ದು 65 ಹಾರ್ಸ್‌ಪವರ್ ಅಷ್ಟೇ. ಈಗ ಆ ಜಾಗಕ್ಕೆ ತುಂಬಾ ಜನ ಹಾಕುವುದು ಶೆವರ್ಲೆಯ ಸ್ಮಾಲ್ ಬ್ಲಾಕ್ (ಅಡಕವಾದ ಗಾತ್ರದ) ವಿ8, ಅದಕ್ಕೆ 300 ಹಾರ್ಸ್‌ಪವರ್ ದೊಡ್ಡ ಮಾತಲ್ಲ. ಆದರೆ ಹಳೇ ಚಾಸಿಯ (ಕಾರಿನ ಕೆಳಗಿನ ಚೌಕಟ್ಟಿನ) ಉದ್ದದ ಪಟ್ಟಿಗಳು ಒಂದು ಬದಿ ತೆರೆದ 'ಸಿ' ಆಕಾರದವು, ಇಷ್ಟು ಜೋರು ಬಿದ್ದರೆ ತಿರುಚಿಕೊಳ್ಳುತ್ತವೆ, ಹಾಗಾಗಿ ತೆರೆದ ಬದಿಗೆ ಉಕ್ಕಿನ ಪ್ಲೇಟ್ ವೆಲ್ಡ್ ಮಾಡಿ ಪೆಟ್ಟಿಗೆಯಂತೆ ಮುಚ್ಚುತ್ತಾರೆ. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎರಡೂ ಬದಲಾಗಬೇಕು. ಬ್ರೇಕ್ ಅಂತೂ ಬಿಡುವ ಹಾಗೇ ಇಲ್ಲ: ಫೋರ್ಡ್ ಹೈಡ್ರಾಲಿಕ್ (ದ್ರವದ ಒತ್ತಡದಿಂದ ಹಿಡಿಯುವ) ಬ್ರೇಕ್ ಕೊಟ್ಟಿದ್ದೇ 1939ರ ಮಾಡೆಲ್‌ನಿಂದ, 1932ರದ್ದು ಸರಳು ಎಳೆದು ನಿಲ್ಲಿಸುವ ವ್ಯವಸ್ಥೆ. ಕಾರು ಓಡಿದರೆ ಸಾಲದು, ನಿಲ್ಲಲೂಬೇಕು ಅಲ್ವಾ?

ಇನ್ನು ಚಾವಣಿ ತಗ್ಗಿಸುವುದು, ಅಂದರೆ 'ಚಾಪ್'. ಕಿಟಕಿ ಪಕ್ಕದ ಕಂಬಗಳನ್ನು ಎರಡು ಮೂರು ಇಂಚು ಕತ್ತರಿಸಿ ಮತ್ತೆ ಬೆಸೆಯುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಒಣ ಕೆರೆಗಳಲ್ಲಿ ರೇಸ್ ಮಾಡುತ್ತಿದ್ದವರು ಗಾಳಿಯ ತಡೆ ಕಡಿಮೆಯಾಗಲಿ ಅಂತ ಹೀಗೆ ಮಾಡುತ್ತಿದ್ದರು, ಈಗ ಜಾಸ್ತಿ ನೋಟಕ್ಕೆ. ಕಂಬಗಳು ವಾಲಿರುವುದರಿಂದ ಕತ್ತರಿಸಿದ ಮೇಲೆ ಮೇಲಿನ ತುದಿ ಕೆಳಗಿನದಕ್ಕೆ ಕೂರುವುದಿಲ್ಲ, ಸೆಡಾನ್‌ಗೆ ಕಿಟಕಿಗಳೂ ಜಾಸ್ತಿ, ಎಲ್ಲ ಗಾಜನ್ನೂ ಹೊಸದಾಗಿ ಕತ್ತರಿಸಬೇಕು. ಕೈ ಪಳಗದವರು ಸುಮ್ನೆ ಇದಕ್ಕೆ ಇಳಿಯಬೇಡಿ.

ವೈರಿಂಗ್ ಕೂಡ ಪೂರ್ತಿ ಹೊಸದೇ, ಹಳೆಯದು 6 ವೋಲ್ಟಿನದು, ಈಗಿನ ಬಿಡಿಭಾಗಗಳಿಗೆ ಬೇಕಾದದ್ದು 12 ವೋಲ್ಟ್.