ಮೊದಲ ಭೇಟಿಯ ಊಟಕ್ಕೆ ಯಾವ ಹೋಟೆಲ್? ಒಂದು ಆಪ್ತಸಲಹೆ ಪ್ರಕರಣ

ಆಪ್ತಸಲಹೆಗೆಂದು ನನ್ನ ಬಳಿ ಬಂದ ಒಬ್ಬ ಗಂಡಸಿನ ಕಥೆ ಇದು. ಅವರ ಗುರುತು ಸಿಗಬಾರದು ಅಂತ ವಯಸ್ಸು, ಕೆಲಸ, ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರಿಗೆ 36 ವರ್ಷ. ಬೆಂಗಳೂರಿನ ಕೆಂಗೇರಿ ಉಪನಗರದಲ್ಲಿ ತಾಯಿಯ ಜೊತೆ ಇದ್ದಾರೆ. ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಡೈವೋರ್ಸ್ ಆಗಿ ನಾಲ್ಕು ವರ್ಷವಾಗಿದೆ. ಅಕ್ಕನ ಒತ್ತಾಯಕ್ಕೆ ಮ್ಯಾಟ್ರಿಮೊನಿ ಆ್ಯಪ್‌ನಲ್ಲಿ ಹೆಸರು ಹಾಕಿದ್ದರು. ವಿಜಯನಗರದ ಒಬ್ಬ ಟೀಚರ್ ಜೊತೆ ಮೂರು ವಾರದಿಂದ ಫೋನಿನಲ್ಲಿ ಮಾತಾಡುತ್ತಿದ್ದರು. 'ಒಂದ್ಸಲ ಊಟಕ್ಕೆ ಸಿಗೋಣ. ಸಿಟಿ ಒಳಗೆ ಬೇಡ, ನಮ್ಮ ಕಡೆನೇ ಎಲ್ಲಾದ್ರೂ' ಅಂತ ಆಕೆಯೇ ಹೇಳಿದ್ದರು.

ಇವರು ನನ್ನ ಬಳಿ ಬಂದಾಗ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ ಇತ್ತು. ಸ್ಕೇಲ್ ಇಟ್ಟು ಗೆರೆ ಎಳೆದು 14 ಹೋಟೆಲ್‌ಗಳ ಹೆಸರು ಬರೆದಿದ್ದರು. ದೂರ, ಪಾರ್ಕಿಂಗ್, ಎಷ್ಟು ಸ್ಟಾರ್, ಎಸಿ ಇದೆಯಾ, ಇಬ್ಬರಿಗೆ ಎಷ್ಟಾಗುತ್ತೆ, ಎಲ್ಲದಕ್ಕೂ ಒಂದೊಂದು ಕಾಲಂ. ತೆಗೆದು ಮಡಚಿ, ತೆಗೆದು ಮಡಚಿ ಹಾಳೆಯ ಮಡಿಕೆಗಳು ಬಟ್ಟೆಯ ಹಾಗೆ ಮೆತ್ತಗಾಗಿದ್ದವು.

'ಮೂರು ರಾತ್ರಿ ನಿದ್ದೆ ಇಲ್ಲ ಮೇಡಂ. ಒಂದು ಹೋಟೆಲ್ ಆರಿಸೋಕೂ ಬರಲ್ವಾ ನನಗೆ?'

ಇಂಥ ವಿಷಯ ಬಂದಾಗ ಸುತ್ತಲಿನವರು ನಕ್ಕು ಬಿಡುತ್ತಾರೆ. ಅಯ್ಯೋ ಇಷ್ಟೇನಾ ಅನ್ನುತ್ತಾರೆ. ಮೂರು ರಾತ್ರಿ ನಿದ್ದೆ ಕೆಡಿಸಿದ್ದು ಸಣ್ಣದಲ್ಲ ಅಂತ ನನಗೆ ಅನಿಸಿತು. ಅವರ ಕೊನೆಯ ಮಾತು ಬೇರೆ ಯಾರದೋ ಬಾಯಿಂದ ಬಂದ ಹಾಗಿತ್ತು. 'ಈ ಮಾತು ಮೊದಲು ಯಾರು ಹೇಳಿದ್ದು?' ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಹಾಳೆ ಮಡಚುತ್ತಾ ಕೂತರು.

ಮದುವೆಯಾದ ಮೊದಲ ವರ್ಷ, ವಾರ್ಷಿಕೋತ್ಸವದ ದಿನ ಹೆಂಡತಿಯನ್ನು ಹೋಟೆಲಿಗೆ ಕರೆದುಕೊಂಡು ಹೋಗಿದ್ದರಂತೆ. ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಹಾಕಿದ್ದರು. ಇವರು ಮ್ಯಾನೇಜರ್ ಜೊತೆ 20 ನಿಮಿಷ ವಾದ ಮಾಡಿದರು. ಮನೆಗೆ ಬರುವಾಗ ಹೆಂಡತಿ ಹೇಳಿದ್ದು: 'ಒಂದು ಊಟ ಮಾಡಿಸೋಕೂ ಬರಲ್ಲ ನಿಮಗೆ.' ಆಮೇಲೆ ಪ್ರತಿ ಜಗಳದಲ್ಲೂ ಆ ಮಾತು ಬಂದಿದೆ.

'ನಾನು ಹೇಳಿದ್ದು ತಪ್ಪಲ್ಲ ಅಲ್ವಾ ಮೇಡಂ?' ಅಂದರು. ತಪ್ಪಲ್ಲ. ಸರ್ವಿಸ್ ಚಾರ್ಜ್ ತೆರಿಗೆ ಅಲ್ಲ. ಹೋಟೆಲಿನವರು ಅದನ್ನು ತಾವಾಗಿಯೇ ಬಿಲ್‌ಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಜುಲೈ 2022ರಲ್ಲಿ ಹೇಳಿತು. ಮಾರ್ಚ್ 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದನ್ನೆಲ್ಲ ಅವರು ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು. ನಾನು ಕೇಳಿದ್ದು ಒಂದೇ. ಆ 20 ನಿಮಿಷ ನಿಮ್ಮ ಹೆಂಡತಿ ಎಲ್ಲಿದ್ದರು?

'ಪಾರ್ಕಿಂಗ್‌ನಲ್ಲಿ ನಿಂತಿದ್ಲು' ಅಂದರು. ಅಷ್ಟು ಹೇಳಿ ನೀರು ಕೇಳಿದರು.

ಎರಡನೇ ಸಲ ಬಂದಾಗ ಪಟ್ಟಿ ಹರಡಿಕೊಂಡು ಕೂತೆವು. ಮೊದಲ ಸ್ಥಾನದಲ್ಲಿದ್ದದ್ದು ಬಿಡದಿ ದಾಟಿ, ಮೈಸೂರು ಹೆದ್ದಾರಿ ಪಕ್ಕದ ಒಂದು ಗಾರ್ಡನ್ ರೆಸ್ಟೋರೆಂಟ್. ಗುಡಿಸಲಿನ ಥರದ ಪುಟ್ಟ ಮಂಟಪಗಳು, ಮರಕ್ಕೆಲ್ಲ ದೀಪದ ಸರ, ಗಲಾಟೆ ಇಲ್ಲ. ತಮ್ಮ ಕಾರಿನಲ್ಲೇ ಕರೆದುಕೊಂಡು ಹೋಗೋ ಯೋಚನೆ ಇತ್ತು.

'ಆಕೆಗೆ ಮಧ್ಯದಲ್ಲೇ ಮನೆಗೆ ಹೋಗಬೇಕು ಅನಿಸಿದರೆ?'

'ನಾನೇ ಬಿಡ್ತೀನಲ್ಲ.'

'ನಿಮ್ಮ ಮೇಲೇ ಬೇಸರವಾಗಿ ಹೊರಟರೆ?'

ಇದು ಅವರಿಗೆ ಹೊಳೆದೇ ಇರಲಿಲ್ಲ. ಆ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಆಗಸ್ಟ್ 2023ರಿಂದ ಆಟೋ, ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ರಾತ್ರಿ ಒಂಬತ್ತು ಗಂಟೆಗೆ ಒಬ್ಬಳೇ ಹೆಂಗಸು ಅಲ್ಲಿ ಕ್ಯಾಬ್ ಬುಕ್ ಮಾಡಿ ಕಾಯುವುದನ್ನು ನೆನೆಸಿಕೊಳ್ಳಿ ಅಂದೆ. ನಿಮಗೆ ಅದು ಪ್ರಶಾಂತ ಜಾಗ. ಮೂರು ವಾರ ನಿಮ್ಮ ದನಿ ಮಾತ್ರ ಕೇಳಿದವರಿಗೆ ಅದು ಊರಾಚೆ. ನೀವು ಒಳ್ಳೆಯವರೇ. ಆದರೆ ಅದು ಆಕೆಗೆ ಇನ್ನೂ ಗೊತ್ತಿಲ್ಲ, ಗೊತ್ತಾಗುವ ತನಕ ಆಕೆ ಎದ್ದು ಹೋಗೋಕೆ ದಾರಿ ಇರಬೇಕು. ನನ್ನ ಬಳಿ ಬರುವ ಗಂಡಸರಿಗೆಲ್ಲ ನಾನು ಇದನ್ನು ಒತ್ತಿ ಒತ್ತಿ ಹೇಳುತ್ತೇನೆ. ಹೋಟೆಲಿನ ದೀಪ, ಹೂವು, ಊಟ ಎಲ್ಲ ಆಮೇಲಿನ ಮಾತು. (ಹೆಣ್ಣುಮಕ್ಕಳು ಬಂದರೆ ಹೇಳುವುದು: ಹೋಗುವ ಜಾಗದ ಹೆಸರು ಮನೆಯಲ್ಲೋ ಗೆಳತಿಗೋ ತಿಳಿಸಿ, ನಿಮ್ಮ ಪಾಡಿಗೆ ನೀವೇ ಹೋಗಿ ಬನ್ನಿ, ಫೋನ್ ಚಾರ್ಜ್ ಇರಲಿ, ತೊಂದರೆ ಅನಿಸಿದರೆ 112ಕ್ಕೆ ಕರೆ ಮಾಡಿ.)

ಹಾಗಾದರೆ ಎಲ್ಲಿ? ಮೆಟ್ರೋ ನಕ್ಷೆ ತೆಗೆದೆವು. ನೇರಳೆ ಮಾರ್ಗ ಆಗಸ್ಟ್ 2021ರಲ್ಲೇ ಕೆಂಗೇರಿಗೆ ಬಂದಿದೆ. ಕೆಂಗೇರಿಯಿಂದ ರಾಜರಾಜೇಶ್ವರಿ ನಗರ ನಾಲ್ಕನೇ ನಿಲ್ದಾಣ. ಅಲ್ಲಿಂದ ವಿಜಯನಗರ ಐದನೇದು. ಹೆಚ್ಚು ಕಡಿಮೆ ನಟ್ಟನಡುವೆ. ಇಬ್ಬರೂ ಅವರವರ ರೈಲಿನಲ್ಲಿ ಬರಬಹುದು, ಅವರವರ ರೈಲಿನಲ್ಲಿ ಹೋಗಬಹುದು. ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ, ದಾರಿಯಲ್ಲಿ ಅಂಗಡಿ ತೆರೆದಿರಬೇಕು, ಬೀದಿದೀಪ ಇರಬೇಕು. ಹೀಗೆ ನೋಡಿದಾಗ 14ರಲ್ಲಿ ಮೂರು ಉಳಿದವು.

ಅದರಲ್ಲೊಂದು ದರ್ಶಿನಿ. ಟೋಕನ್ ತಗೊಂಡು, ನಿಂತು ತಿಂದು ಹೋಗುವ ಜಾಗ. ಅದ್ಯಾಕೆ ಪಟ್ಟಿಯಲ್ಲಿ ಅಂದೆ. 'ನನಗೆ ಮಸಾಲೆ ದೋಸೆ ಇದ್ರೂ ಸಾಕು' ಅಂತ ಆಕೆ ಒಮ್ಮೆ ಹೇಳಿದ್ದರಂತೆ. ಅದು ಪರೀಕ್ಷೆಯೋ ನಿಜವೋ ಅಂತ ಇವರು ಎರಡು ದಿನ ತಲೆ ಕೆಡಿಸಿಕೊಂಡಿದ್ದರು.

'ಕೇಳಬಹುದಲ್ವಾ?'

'ಗಂಡಸೇ ಡಿಸೈಡ್ ಮಾಡಬೇಕು ಅಂತಾರಲ್ಲ ಮೇಡಂ.'

ಯಾರು ಹೇಳಿದರೋ. ದರ್ಶಿನಿ ಬಿಟ್ಟು, ಉಳಿದ ಎರಡರ ಹೆಸರು ಹಾಕಿ ಅಲ್ಲೇ ಕೂತು ಮೆಸೇಜ್ ಬರೆದೆವು. 'ಈ ಎರಡು ಹೋಟೆಲ್ ನೋಡಿದ್ದೀನಿ. ಎರಡೂ ಮೆಟ್ರೋಗೆ ಹತ್ತಿರ. ನಿಮಗೆ ಯಾವುದು ಅನುಕೂಲ? ಊಟದಲ್ಲಿ ಏನಾದ್ರೂ ಬಿಟ್ಟಿದ್ದೀರಾ? ಎಷ್ಟು ಹೊತ್ತಿಗೆ ಮನೆ ತಲುಪಬೇಕು?' ಕಳಿಸುವಾಗ ಅವರ ಹೆಬ್ಬೆರಳು ನಡುಗುತ್ತಿತ್ತು. ಐದು ನಿಮಿಷದಲ್ಲಿ ಉತ್ತರ ಬಂತು. 'ಎರಡನೇದು. ಶನಿವಾರ ಒಪ್ಪತ್ತು ಇರ್ತೀನಿ, ಮುಂದಿನ ವಾರ ಶುಕ್ರವಾರ ಆಗುತ್ತಾ? ಒಂಬತ್ತೂವರೆಗೆ ಮನೇಲಿರಬೇಕು, ಅಪ್ಪನಿಗೆ ಮಾತ್ರೆ ಕೊಡಬೇಕು.' ಅವರ ಹಾಳೆಯ ಯಾವ ಕಾಲಂನಲ್ಲೂ ಇದು ಇರಲಿಲ್ಲ.

ಇನ್ನೊಂದು ಕೆಲಸ ಕೊಟ್ಟೆ. ಈ ಶುಕ್ರವಾರ, ಅದೇ ಹೊತ್ತಿಗೆ ಒಬ್ಬರೇ ಹೋಗಿ ಊಟ ಮಾಡಿಕೊಂಡು ಬನ್ನಿ. ಸ್ಪೀಕರ್ ಎಲ್ಲಿದೆ, ಟಿವಿ ಎಲ್ಲಿದೆ ನೋಡಿ. ಕೈತೊಳೆಯುವ ಜಾಗದ ದಾರಿಯಲ್ಲಿರುವ ಟೇಬಲ್ ಬೇಡ, ಜನ ಹಾದು ಹೋಗುತ್ತಲೇ ಇರುತ್ತಾರೆ. ಸಪ್ಲೈಯರ್ ಜೊತೆ ಮಾತಾಡುವಾಗ ದನಿ ಏರಿಸಬೇಕಾಯಿತಾ? ತಟ್ಟೆ ಖಾಲಿಯಾಗುವ ಮೊದಲೇ ಬಿಲ್ ತಂದಿಟ್ಟರಾ? ಹೊರಗೆ ಜನ ಕಾಯುತ್ತಿದ್ದರೆ ಕೂತವರನ್ನು ಎಬ್ಬಿಸೋ ಆತುರ ಇದ್ದೇ ಇರುತ್ತದೆ. ಮತ್ತೆ ಮೆನು ಕಾರ್ಡ್‌ನ ಕೆಳಗೆ ಸಣ್ಣಕ್ಷರದಲ್ಲಿ ಏನಿದೆ ಓದಿ. 5% ಜಿಎಸ್‌ಟಿ ಇರುತ್ತದೆ, ಅದು ಸರಿ. ಸರ್ವಿಸ್ ಚಾರ್ಜ್ ಅಂತ ಬರೆದಿದ್ದರೆ ಇನ್ನೊಂದು ಹೋಟೆಲಿಗೆ ಹೋಗೋಣ ಅಂತ ಆಕೆಗೆ ಮೊದಲೇ ತಿಳಿಸಿ. ಆ ರಾತ್ರಿ ವಾದಕ್ಕೆ ಕಾರಣವೇ ಉಳಿಯಬಾರದು.

ಈ ಮಾತಿಗೆ ಅವರ ಭುಜ ಇಳಿದದ್ದು ನನಗೆ ಕಂಡಿತು. ಅಷ್ಟು ದಿನ ಅವರು ಹೆದರಿದ್ದು ಹೋಟೆಲಿಗಲ್ಲ, ಬಿಲ್ ಬರುವ ಆ ಹೊತ್ತಿಗೆ.

ದುಡ್ಡಿನ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಐದು ಸಾವಿರ ತೆಗೆದಿಟ್ಟಿದ್ದರು. ಇಬ್ಬರ ಸಸ್ಯಾಹಾರಿ ಊಟಕ್ಕೆ ಆ ಕಡೆ ಅಷ್ಟೆಲ್ಲ ಬೇಡ. ಬಿಲ್ ಬಂದಾಗ 'ಇವತ್ತು ನಾನು ಕೊಡ್ತೀನಿ' ಅನ್ನಿ. ಆಕೆ ಅರ್ಧ ಕೊಡ್ತೀನಿ ಅಂದರೆ ಒಪ್ಪಿಕೊಳ್ಳಿ, ಎಳೆದಾಟ ಬೇಡ ಅಂದೆ. ಯೂಟ್ಯೂಬ್ ನೋಡಿ ಮನೆಯಲ್ಲಿ ಚಾಕು, ಫೋರ್ಕ್ ಹಿಡಿದು ಚಪಾತಿ ತಿನ್ನುವುದನ್ನು ಅಭ್ಯಾಸ ಮಾಡಿದ್ದರು ಅಂತ ಆಗ ಗೊತ್ತಾಯಿತು. ನನಗೆ ಸಂಕಟವಾಯಿತು. ಮನೆಯಲ್ಲಿ ತಿನ್ನೋ ಹಾಗೆ ಕೈಯಲ್ಲೇ ತಿನ್ನಿ ಅಂದೆ.

ಮುಂದಿನ ವಾರದ ಶುಕ್ರವಾರ ಇಬ್ಬರೂ ಸಿಕ್ಕರು. ಆಕೆಯ ಜೊತೆ ಕೂತ ಟೇಬಲ್ ಮೊದಲೇ ಫೋನ್ ಮಾಡಿ ಹಿಡಿಸಿದ್ದು, ಮೂಲೆಯದ್ದು, ಸ್ಪೀಕರಿನಿಂದ ದೂರ. ಎಲ್ಲ ಲೆಕ್ಕ ಸರಿಯಾಗಿತ್ತು. ಅವರು ಆರ್ಡರ್ ಕೊಡುವ ಹೊತ್ತಿಗೆ ಪಕ್ಕದ ಟೇಬಲ್‌ಗೆ ಹದಿನೈದು ಜನ ಬಂದರು. ಮಗುವಿನ ಹುಟ್ಟುಹಬ್ಬ. ಬಲೂನು, ಪೀಪಿ, ಚಪ್ಪಾಳೆ. ಒಂದು ಬಲೂನು ಒಡೆದು ಇವರ ಕೈಯಿಂದ ಲೋಟ ಜಾರಿ ನೀರು ಟೇಬಲ್ ತುಂಬಾ ಹರಿಯಿತು. 'ಈಗ ಆ ಮಾತು ಬರುತ್ತೆ ಅಂತ ಕಾಯ್ತಾ ಇದ್ದೆ ಮೇಡಂ' ಅಂದರು. ಆಕೆ ಟಿಶ್ಯೂ ಹಾಕಿ ನೀರು ಒತ್ತುತ್ತಾ, ತಮ್ಮ ಮೂರನೇ ಕ್ಲಾಸಿನ ಮಕ್ಕಳ ಕಥೆ ಶುರು ಮಾಡಿದರಂತೆ. ಆ ಮಗುವಿನ ಅಜ್ಜಿ ಇಬ್ಬರಿಗೂ ಕೇಕ್ ತಂದುಕೊಟ್ಟರು. ಬಿಲ್ ಅರ್ಧರ್ಧ ಆಯಿತು. ಒಂಬತ್ತಕ್ಕೆ ಆಕೆ ಮೆಟ್ರೋ ಮೆಟ್ಟಿಲು ಹತ್ತಿದರು. ಒಂಬತ್ತೂವರೆಗೆ 'ಮನೆಗೆ ಬಂದೆ' ಅಂತ ಮೆಸೇಜ್ ಬಂತು.

'ಊಟ ಹೇಗಿತ್ತು?' ಅಂತ ಕೇಳಿದೆ.

'ಏನು ತಿಂದೆ ಅಂತ ನೆನಪಿಲ್ಲ ಮೇಡಂ' ಅಂದರು.

ಹಳೆಯ ಮದುವೆಯ ಆ ಮಾತಿನ ಬಗ್ಗೆ ನಮ್ಮ ಕೆಲಸ ಇನ್ನೂ ಇದೆ. ಹೋದ ವಾರ ಬಂದಿದ್ದರು. ಭಾನುವಾರ ಬೆಳಿಗ್ಗೆ ತಿಂಡಿಗೆ ಸಿಗೋಣ ಅಂತ ಆಕೆ ಕೇಳಿದ್ದಾರಂತೆ, ವಿಜಯನಗರದಲ್ಲಿ, ಜಾಗ ಆಕೆಯೇ ಹೇಳಿದ್ದಾರೆ. ಹೊರಡುವಾಗ ಬಾಗಿಲ ಬಳಿ ನಿಂತು ಕೇಳಿದರು: 'ಶನಿವಾರನೇ ಒಂದ್ಸಲ ಹೋಗಿ ನೋಡ್ಕೊಂಡು ಬರ್ಲಾ ಮೇಡಂ?'

ಈ ಸಲ ಬೇಡ ಅಂದೆ.